ಮಗಳ ಕ್ಯಾಂಪ್ ಯೂನಿಫಾರಂ: ಚೆಂದಕ್ಕಿಂತ ಕ್ಷೇಮ ಮುಖ್ಯ

ಮಗಳಿಗೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿದರೆ ನಾಲ್ಕು ಒಳ್ಳೆಯ ಚೂಡಿದಾರ್ ಹೊಲಿಸಿಕೊಡುತ್ತೀರಿ. ಸಾಫ್ಟ್‌ವೇರ್ ಕಂಪನಿ ಸೇರಿದರೆ ಕಮರ್ಷಿಯಲ್ ಸ್ಟ್ರೀಟಿಗೆ ಕರೆದುಕೊಂಡು ಹೋಗಿ ಫಾರ್ಮಲ್ಸ್ ಕೊಡಿಸುತ್ತೀರಿ. ಆದರೆ ಒಂದು ದಿನ ಅವಳು ಬಂದು, ‘ಅಮ್ಮಾ, ನಾನು ಸಾಹಸ ಶಿಬಿರದಲ್ಲಿ ಇನ್‌ಸ್ಟ್ರಕ್ಟರ್ ಆಗಿ ಸೇರ್ತಾ ಇದೀನಿ. ಯೂನಿಫಾರಂ ಅವರೇ ಕೊಡ್ತಾರಂತೆ’ ಅಂದರೆ? ನಿಮಗೆ ಏನು ಹೇಳಬೇಕು, ಏನು ಕೊಡಿಸಬೇಕು ಎಂದೇ ತೋಚುವುದಿಲ್ಲ, ಅಲ್ಲವೇ?

ಇದೇನೂ ಅಪರೂಪದ ಮಾತಲ್ಲ ಬಿಡಿ. ದಾಂಡೇಲಿಯ ಕಾಳಿ ನದಿಯಲ್ಲಿ ರ‍್ಯಾಫ್ಟಿಂಗ್, ಸಾಗರದ ಹೊನ್ನೆಮರಡುವಿನಲ್ಲಿ ಶರಾವತಿ ಹಿನ್ನೀರಿನ ಜಲಕ್ರೀಡೆ, ಕಾವೇರಿ ದಡದ ಭೀಮೇಶ್ವರಿಯಲ್ಲಿ ಕಯಾಕಿಂಗ್, ರಾಮನಗರ ಮತ್ತು ಬಾದಾಮಿಯ ಬಂಡೆಗಳಲ್ಲಿ ಶಿಲಾರೋಹಣ... ಹೀಗೆ ನಮ್ಮ ರಾಜ್ಯದ ಉದ್ದಗಲಕ್ಕೂ ಹೊರಾಂಗಣ ಚಟುವಟಿಕೆಯ ತಾಣಗಳಿವೆ. ಸರ್ಕಾರದ್ದೇ ಆದ ಜಂಗಲ್ ಲಾಡ್ಜಸ್ ಸಂಸ್ಥೆ 1980ರಿಂದ ಕೆಲಸ ಮಾಡುತ್ತಿದೆ. ಜನರಲ್ ತಿಮ್ಮಯ್ಯ ಅವರ ಹೆಸರಿನ ಸಾಹಸ ಅಕಾಡೆಮಿ ಯುವಕ ಯುವತಿಯರಿಗೆ ತರಬೇತಿ ಕೊಡುತ್ತದೆ. ಶಾಲೆಗಳು ಹೆಣ್ಣುಮಕ್ಕಳ ತಂಡ ಕಳಿಸುವಾಗ ‘ಜೊತೆಗೆ ಲೇಡಿ ಇನ್‌ಸ್ಟ್ರಕ್ಟರ್ ಇದಾರೆ ತಾನೇ?’ ಎಂದು ನಾವೇ ಕೇಳುತ್ತೇವೆ. ಆ ಲೇಡಿ ಇನ್‌ಸ್ಟ್ರಕ್ಟರ್ ಕೂಡ ಯಾರೋ ಒಬ್ಬ ತಾಯಿಯ ಮಗಳೇ!

ಅವಳ ಮೈಮೇಲಿನ ಬಟ್ಟೆ ಬರೀ ಗುರುತಿನ ಬಟ್ಟೆಯಲ್ಲ. ದಿನವಿಡೀ ಬಿಸಿಲು, ನೀರು, ಹಗ್ಗ, ಮುಳ್ಳುಗಳ ನಡುವೆ ಅವಳನ್ನು ಕಾಯುವುದು ಅದೇ. ಅದು ಸರಿಯಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ನನ್ನ ತಂಗಿಯ ಮಗಳಿಂದಲೇ ಕಲಿತೆ.

ಹೊಲಿಗೆ ಬಿಟ್ಟಿದ್ದು ನಲವತ್ತು ಮಕ್ಕಳ ಮುಂದೆ

ಬಿ.ಕಾಂ. ಮುಗಿಸಿದ ಹುಡುಗಿ. ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿದ್ದಳು. ಸಕಲೇಶಪುರದ ಕಡೆಯ ಒಂದು ಶಿಬಿರಕ್ಕೆ ಸೇರಿದಳು. ಸಂಬಳದ ಆರ್ಡರ್ ಜೊತೆಗೆ ಒಂದು ಪೊಟ್ಟಣವೂ ಕೈಗೆ ಬಂತು. ಒಳಗೆ ಮೂರು ಟೀ ಶರ್ಟು, ಎರಡು ಕಾರ್ಗೋ ಪ್ಯಾಂಟು. ಎಲ್ಲವೂ ಗಂಡಸರ ಎಲ್ ಸೈಜು. ಟೀ ಶರ್ಟಿನ ತೋಳು ಮೊಣಕೈ ದಾಟುತ್ತಿತ್ತು. ಪ್ಯಾಂಟಿನ ಸೊಂಟ ಜಾರುತ್ತಿತ್ತು, ಪೃಷ್ಠದ ಹತ್ತಿರ ಮಾತ್ರ ಬಿಗಿ.

ನನ್ನ ತಂಗಿಗೆ ಹೊಲಿಗೆ ಗೊತ್ತು. ‘ಈ ಗೋಣಿಚೀಲ ಹಾಕ್ಕೊಂಡು ಹೋದ್ರೆ ನಾಲ್ಕು ಜನ ಏನಂತಾರೆ’ ಎಂದು ರಾತ್ರಿ ಕೂತು ಎಲ್ಲವನ್ನೂ ಮಗಳ ಮೈಗೆ ಸರಿಯಾಗಿ ಹಿಡಿದು ಹೊಲಿದಳು. ಕನ್ನಡಿ ಮುಂದೆ ನಿಂತಾಗ ಹುಡುಗಿ ಎಷ್ಟು ಚೆಂದ ಕಾಣುತ್ತಿದ್ದಳು ಅಂತೀರಿ! ನಾನೂ ಭೇಷ್ ಅಂದೆ.

ಮೊದಲನೇ ವಾರ. ಬಂಡೆ ಹತ್ತುವುದನ್ನು ತೋರಿಸಲು ಮಂಡಿ ಎತ್ತಿ ಮೇಲಿನ ಮೆಟ್ಟಿಲಿಗೆ ಕಾಲಿಟ್ಟಳು. ಹಿಂಬದಿಯ ಹೊಲಿಗೆ ಪರ್‍ರನೆ ಬಿಟ್ಟುಕೊಂಡಿತು. ಕೆಳಗೆ ಸುಮಾರು ನಲವತ್ತು ಶಾಲಾ ಮಕ್ಕಳು. ಕೆಲವರು ನಕ್ಕರು. ಅವಳು ಜರ್ಕಿನ್ ತೆಗೆದು ಸೊಂಟಕ್ಕೆ ಸುತ್ತಿಕೊಂಡು ಪಾಠ ಮುಗಿಸಿದಳು. ಮನೆಗೆ ಮಾತ್ರ ಹೇಳಲಿಲ್ಲ. ಹದಿನೈದು ದಿನದ ಮೇಲೆ ರಜೆಗೆ ಬಂದಾಗ ನನ್ನ ಹತ್ತಿರ ಹೇಳಿಕೊಂಡಳು, ‘ದೊಡ್ಡಮ್ಮ, ಅಮ್ಮಂಗೆ ಹೇಳ್ಬೇಡಿ. ಪಾಪ, ರಾತ್ರಿಯೆಲ್ಲ ಕೂತು ಹೊಲಿದಿದ್ರು. ಬಿದ್ದಿದ್ರೂ ಇಷ್ಟು ಅಳು ಬರ್ತಿರಲಿಲ್ಲ. ಆ ನಗು ಕೇಳೋಕಾಗಲಿಲ್ಲ.’

ತಪ್ಪು ಯಾರದ್ದು? ಹೆಣ್ಣುಮಕ್ಕಳಿಗೂ ಗಂಡಸರ ಅಳತೆಯನ್ನೇ ಕೊಟ್ಟ ಶಿಬಿರದವರದ್ದು ಸ್ವಲ್ಪ. ಕೆಲಸ ಏನೆಂದು ಕೇಳದೆ ಚೆಂದಕ್ಕೆ ಹೊಲಿದ ನಮ್ಮದೂ ಸ್ವಲ್ಪ. ಅಂದಿನಿಂದ ನಾನು ಈ ಬಟ್ಟೆಗಳ ಬಗ್ಗೆ ಕೇಳಿ, ಓದಿ, ಅವಳಿಂದಲೇ ಹೇಳಿಸಿಕೊಂಡು ತಿಳಿದುಕೊಂಡದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಅಳತೆ ನೋಡುವುದು ಹೀಗೆ

ಕನ್ನಡಿ ಮುಂದೆ ನಿಲ್ಲಿಸಿ ನೋಡಬೇಡಿ. ಪ್ಯಾಂಟು ಹಾಕಿಸಿ, ಮಗಳನ್ನು ಕುಕ್ಕರುಗಾಲಿನಲ್ಲಿ ಕೂರಿಸಿ. ಮಂಡಿಯನ್ನು ಎದೆಯ ತನಕ ಎತ್ತಲು ಹೇಳಿ. ಎರಡೂ ಕೈ ತಲೆಯ ಮೇಲೆ ಎತ್ತಿದಾಗ ಟೀ ಶರ್ಟು ಮೇಲೇರಿ ಹೊಟ್ಟೆ ಕಾಣಿಸುತ್ತದೆಯೇ, ಬಗ್ಗಿದಾಗ ಕುತ್ತಿಗೆಯ ಹತ್ತಿರ ಒಳಗೆಲ್ಲ ಕಾಣಿಸುತ್ತದೆಯೇ, ನೋಡಿ. ಮಕ್ಕಳ ಹೆಲ್ಮೆಟ್ ಪಟ್ಟಿ ಕಟ್ಟಲು ದಿನಕ್ಕೆ ನೂರು ಸಲ ಬಗ್ಗಬೇಕಾದ ಕೆಲಸ ಅದು.

ತೊಡೆ ಸಂದಿಯಲ್ಲಿ ನಾಲ್ಕು ಹೊಲಿಗೆ ಒಂದೇ ಕಡೆ ಸೇರುತ್ತವಲ್ಲ, ಹರಿಯುವುದು ಅಲ್ಲೇ. ಹಳೇ ಕಾಲದ ರವಿಕೆಗೆ ಕಂಕುಳಲ್ಲಿ ಒಂದು ತುಂಡು ಬಟ್ಟೆ ಕೊಡುತ್ತಿದ್ದುದು ನಿಮಗೆ ನೆನಪಿರಬಹುದು. ಅದೇ ರೀತಿ ಪ್ಯಾಂಟಿನ ಸಂದಿಗೂ ವಜ್ರಾಕಾರದ ಒಂದು ತುಂಡು ಸೇರಿಸಿದರೆ ಕಾಲು ಸಲೀಸಾಗಿ ಎತ್ತಬಹುದು, ಹೊಲಿಗೆಯ ಮೇಲೆ ಎಳೆತವೂ ಬೀಳುವುದಿಲ್ಲ. ನನ್ನ ತಂಗಿ ಈಗ ಮಾಡುವುದು ಇದನ್ನೇ. ಒಂದು ಪ್ಯಾಂಟಿಗೆ ಅರ್ಧ ಗಂಟೆ ಸಾಕು.

ಇನ್ನೊಂದು ಮಾತು. ಹಗ್ಗದ ಚಟುವಟಿಕೆ ಮಾಡಿಸುವವರು ಸೊಂಟಕ್ಕೂ ತೊಡೆಗೂ ಹಾರ್ನೆಸ್ ಎಂಬ ಪಟ್ಟಿ ಬಿಗಿಯುತ್ತಾರೆ. ಅದರ ಕೆಳಗೆ ದಪ್ಪ ಹೊಲಿಗೆ, ಲೋಹದ ಗುಂಡಿ, ತುಂಬಿದ ಜೇಬು ಇದ್ದರೆ ಚರ್ಮ ಕೆಂಪಾಗಿ ಉಜ್ಜಿಹೋಗುತ್ತದೆ. ಆದ್ದರಿಂದ ಸೊಂಟದ ಅಳತೆ ಕಿರಿದು ಮಾಡುವಾಗ ಮಡಿಕೆ ಮೇಲೆ ಮಡಿಕೆ ಹಾಕಬೇಡಿ. ಹೆಚ್ಚಿನ ಬಟ್ಟೆ ಕತ್ತರಿಸಿ, ಹೊಲಿಗೆಯನ್ನು ಚಪ್ಪಟೆ ಮಾಡಿ. ಟೀ ಶರ್ಟು ಹಾರ್ನೆಸ್ಸಿನ ಒಳಗೆ ಸಿಕ್ಕಿಸುವಷ್ಟು ಉದ್ದವಿರಲಿ, ಅದಕ್ಕಿಂತ ಹೆಚ್ಚು ಬೇಡ.

ಹತ್ತಿಯೇ ಒಳ್ಳೆಯದು ಅನ್ನುವಿರಾ?

ನಮಗೆಲ್ಲ ಹತ್ತಿ ಬಟ್ಟೆಯ ಮೇಲೆ ಪ್ರೀತಿ. ‘ಸಿಂಥೆಟಿಕ್ ಹಾಕ್ಬೇಡ, ಮೈ ಉರಿಯುತ್ತೆ’ ಅಂತ ಮಕ್ಕಳಿಗೆ ಹೇಳುತ್ತಲೇ ಬಂದಿದ್ದೇವೆ. ಮನೆಯಲ್ಲಿ, ಒಣ ಹವೆಯಲ್ಲಿ ಅದು ನಿಜ. ಆದರೆ ನೀರು, ಮಳೆ, ಬೆವರಿನ ಕೆಲಸಕ್ಕೆ ಲೆಕ್ಕ ಬೇರೆ.

ಸಾಮಾನ್ಯ ಹವೆಯಲ್ಲೇ ಹತ್ತಿ ನೂಲು ತನ್ನ ತೂಕದ ಶೇ 8.5ರಷ್ಟು ತೇವ ಹಿಡಿದಿಟ್ಟುಕೊಳ್ಳುತ್ತದೆ. ಪಾಲಿಯೆಸ್ಟರ್ ಹಿಡಿಯುವುದು ಶೇ 0.4 ಮಾತ್ರ. ಅಂದರೆ ಹತ್ತಿ ನೀರು ಕುಡಿದು ಭಾರವಾಗುತ್ತದೆ, ಒಣಗಲು ತಡ. ಒದ್ದೆ ಹತ್ತಿ ಮೈಗಂಟಿಕೊಂಡು ಗಾಳಿ ಬೀಸಿತೆಂದರೆ ದೇಹದ ಬಿಸಿ ಕಳೆಯುತ್ತದೆ. ಜೂನ್ ತಿಂಗಳ ಕೊಡಗಿನಲ್ಲೋ ಚಿಕ್ಕಮಗಳೂರಿನಲ್ಲೋ ನಾಲ್ಕು ಗಂಟೆ ಒದ್ದೆ ಬಟ್ಟೆಯಲ್ಲಿ ನಿಂತವರಿಗೆ ಇದು ಗೊತ್ತು. ಜೀನ್ಸ್ ಅಂತೂ ಬೇಡವೇ ಬೇಡ. ಒದ್ದೆಯಾದರೆ ಕಾಲಿಗೆ ಕಲ್ಲು ಕಟ್ಟಿದ ಹಾಗೆ.

ಆದ್ದರಿಂದ ನೀರಿನ ಮತ್ತು ಬೆವರಿನ ಕೆಲಸಕ್ಕೆ ಬೇಗ ಒಣಗುವ ಪಾಲಿಯೆಸ್ಟರ್ ಟೀ ಶರ್ಟ್, ತೆಳು ನೈಲಾನ್ ಪ್ಯಾಂಟು ಒಳ್ಳೆಯದು. ಅಂಗಡಿಯಲ್ಲಿ ‘ಡ್ರೈ ಫಿಟ್’ ಅಂತ ಕೇಳಿದರೆ ಕೊಡುತ್ತಾರೆ.

ಹಾಗಂತ ಹತ್ತಿಯನ್ನು ಪೂರ್ತಿ ಬಿಡಬೇಕಿಲ್ಲ. ರಾತ್ರಿ ಕ್ಯಾಂಪ್ ಫೈರ್ ಹಚ್ಚುತ್ತಾರಲ್ಲ, ಅಲ್ಲಿ ಪಾಲಿಯೆಸ್ಟರ್ ಅಪಾಯ. ಕಿಡಿ ಹಾರಿದರೆ ಅದು ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಬೆಂಕಿಯ ಹತ್ತಿರ, ಅಡುಗೆಯ ಹತ್ತಿರ ಇರುವಾಗ ಮೇಲೊಂದು ಹತ್ತಿಯ ಅಥವಾ ಉಣ್ಣೆಯ ಅಂಗಿ ಹಾಕಿಕೊಳ್ಳಲಿ. ಉಣ್ಣೆ ಒದ್ದೆಯಾದರೂ ಸ್ವಲ್ಪ ಬೆಚ್ಚಗಿಡುತ್ತದೆ, ಬೇಗ ಹತ್ತಿಕೊಳ್ಳುವುದೂ ಇಲ್ಲ. ಅಜ್ಜಿ ಹೆಣೆದ ಸ್ವೆಟರ್ ಇದ್ದರೆ ಬ್ಯಾಗಿಗೆ ಹಾಕಿ ಕಳಿಸಿ.

ಬಿಸಿಲಿಗೆ ತುಂಬು ತೋಳಿನ ಅಂಗಿಯೇ ಸರಿ. ತೆಳುವಾದ ಬಿಳಿ ಹತ್ತಿ ಟೀ ಶರ್ಟು ಬಿಸಿಲಿನ ನೇರಳಾತೀತ ಕಿರಣವನ್ನು ಹೆಚ್ಚೇನೂ ತಡೆಯುವುದಿಲ್ಲ. ಒದ್ದೆಯಾದರೆ ಇನ್ನೂ ಕಡಿಮೆ. ಕೆಲವು ಬಟ್ಟೆಗಳ ಮೇಲೆ ‘ಯುಪಿಎಫ್ 50’ ಎಂದು ಬರೆದಿರುತ್ತದೆ. ಆ ಕಿರಣದ ಐವತ್ತರಲ್ಲಿ ಒಂದು ಭಾಗ ಮಾತ್ರ ಒಳಗೆ ಬರುತ್ತದೆ ಎಂದು ಅದರ ಅರ್ಥ.

ಬಣ್ಣದಲ್ಲೂ ಲೆಕ್ಕಾಚಾರವಿದೆ

‘ಕೊಳೆ ಕಾಣದ ಬಣ್ಣ’ ಎನ್ನುವುದು ನಮ್ಮ ಗೃಹಿಣಿಯರ ಸೂತ್ರ. ಆದರೆ ಶಿಬಿರದ ಸಿಬ್ಬಂದಿಯನ್ನು ದೂರದಿಂದಲೇ ಗುರುತು ಹಿಡಿಯಬೇಕು. ಗಾಬರಿಯಾದ ಮಗು ಸುತ್ತ ನೋಡಿದಾಗ ‘ಅಲ್ಲಿದಾರೆ ನಮ್ಮ ಮಿಸ್’ ಎಂದು ಕಣ್ಣಿಗೆ ಬೀಳಬೇಕು. ಅದಕ್ಕೇ ಕಿತ್ತಳೆ, ಗಿಳಿಹಸಿರು, ಕಡುಹಳದಿಯಂಥ ಬಣ್ಣಗಳು. ಬೇರೆ ಬೇರೆ ದೇಶಗಳ ಕಡಲತೀರದಲ್ಲಿ ಜೀವರಕ್ಷಕರು ಕೆಂಪು-ಹಳದಿ ಬಟ್ಟೆ ತೊಡುವುದೂ ಇದೇ ಕಾರಣಕ್ಕೆ.

ನೀರಿನ ಕೆಲಸವಾದರೆ ನೀಲಿ, ಬೂದು ಬಣ್ಣದ ಬಟ್ಟೆ ಖಂಡಿತ ಬೇಡ. ನೀರಿನೊಳಗೆ ಅದು ಕಾಣುವುದೇ ಇಲ್ಲ. ಬಿಳಿಯೂ ಬೇಡ. ಒದ್ದೆಯಾದರೆ ಮೈ ಕಾಣುತ್ತದೆ. ಹೆಣ್ಣುಮಗಳು ಅದರ ಚಿಂತೆಯಲ್ಲೇ ಇದ್ದರೆ ಮಕ್ಕಳ ಕಡೆ ಗಮನ ಕೊಡುವುದು ಹೇಗೆ? ತಿಳಿಬಣ್ಣದ ಟೀ ಶರ್ಟೇ ಕೊಟ್ಟಿದ್ದರೆ, ಅದೇ ಬಣ್ಣದ್ದಲ್ಲ, ಮೈಬಣ್ಣಕ್ಕೆ ಹೊಂದುವ ಒಳ ಉಡುಪು ಅಥವಾ ಬೇಗ ಒಣಗುವ ಸ್ಲಿಪ್ ಕೊಡಿಸಿ.

ಬಂಡೆಗಳಿರುವ ಕಡೆ ಹೆಜ್ಜೇನು ಕಟ್ಟುವುದು ಸಾಮಾನ್ಯ. ಕಡುಗಪ್ಪು ಬಟ್ಟೆ ಮತ್ತು ಗಾಢ ಸುಗಂಧ ಜೇನುಹುಳವನ್ನು ಕೆರಳಿಸುತ್ತವೆ. ಆದ್ದರಿಂದ ಅಂಥ ಕಡೆ ಹೋಗುವ ದಿನ ಸೆಂಟು, ಮಲ್ಲಿಗೆ, ಘಮಘಮಿಸುವ ಕಂಡೀಷನರ್‌ನಲ್ಲಿ ಅದ್ದಿದ ಬಟ್ಟೆ ಯಾವುದೂ ಬೇಡ.

ಸೈನಿಕರ ಬಟ್ಟೆಯಂಥ ಮಚ್ಚೆ ಮಚ್ಚೆಯ ಪ್ಯಾಂಟುಗಳ ಮೋಹ ಹುಡುಗರಿಗೂ ಹುಡುಗಿಯರಿಗೂ ಇದೆ. ಆ ವಿನ್ಯಾಸ ಇರುವುದೇ ಕಾಡಿನಲ್ಲಿ ಕಾಣದಂತೆ ಮರೆಯಾಗಲು. ನಮಗೆ ಬೇಕಾದ್ದು ಅದಕ್ಕೆ ತದ್ವಿರುದ್ಧ. ಭಾರತೀಯ ಸೇನೆ 2022ರಲ್ಲಿ ಹೊಸ ವಿನ್ಯಾಸದ ಸಮವಸ್ತ್ರ ತಂದಿತು. ಅದರ ಮೇಲೆ ಸೇನೆಯ ಹಕ್ಕಿದೆ. ಸೈನಿಕನೆಂದು ನಂಬಿಸುವ ಉದ್ದೇಶದಿಂದ ಸೈನಿಕರ ಉಡುಪು ತೊಡುವುದು ಕಾನೂನಿನ ಪ್ರಕಾರ ಅಪರಾಧ ಎಂಬುದೂ ಗೊತ್ತಿರಲಿ.

ಸರ, ಬಳೆ, ಜಡೆ

ಇದು ಸೂಕ್ಷ್ಮ ವಿಷಯ. ಮದುವೆಯಾದ ಹೆಣ್ಣುಮಕ್ಕಳೂ ಈ ಕೆಲಸದಲ್ಲಿದ್ದಾರೆ. ‘ಕೊರಳಲ್ಲಿ ಸರ ಇಲ್ಲದೆ ಹೊರಗೆ ಹೋಗ್ತಾಳೆ’ ಎಂದು ಅತ್ತೆ ಗೊಣಗಿದರೆ ಆಶ್ಚರ್ಯವಿಲ್ಲ. ಆದರೆ ಹಗ್ಗದ ಕೆಲಸದಲ್ಲಿ ಕೊರಳ ಸರ ಎಲ್ಲಾದರೂ ಸಿಕ್ಕಿಕೊಂಡರೆ ಉಸಿರೇ ಕಟ್ಟಬಹುದು. ಉಂಗುರ ಸಿಕ್ಕಿಕೊಂಡು ಮೈಭಾರ ಬಿದ್ದರೆ ಬೆರಳಿನ ಚರ್ಮವೇ ಕಿತ್ತುಬರಬಹುದು. ಗಾಜಿನ ಬಳೆಯ ಮಾತಂತೂ ಹೇಳುವುದೇ ಬೇಡ.

ನೀವು ಅತ್ತೆಯ ಸ್ಥಾನದಲ್ಲಿದ್ದರೆ ದಯವಿಟ್ಟು ನೀವೇ ಮೊದಲು ಹೇಳಿ: ‘ಕೆಲಸದ ಹೊತ್ತಲ್ಲಿ ತೆಗೆದಿಡು ಕಣಮ್ಮ, ಸಂಜೆ ಹಾಕ್ಕೋ’ ಎಂದು. ಜಿಪ್ ಇರುವ ಪುಟ್ಟ ಚೀಲವೊಂದನ್ನು ಹೊಲಿದುಕೊಡಿ. ಸರ, ಉಂಗುರ, ಕಾಲುಂಗುರ, ಓಲೆ ಎಲ್ಲ ಅದರಲ್ಲಿ ಹಾಕಿ ಬೀರುವಿನಲ್ಲಿಡಲಿ. ಅತ್ತೆಯ ಒಂದು ಮಾತು ಆ ಹುಡುಗಿಯ ಎದೆಯ ಮೇಲಿನ ದೊಡ್ಡ ಭಾರ ಇಳಿಸುತ್ತದೆ.

ಕೂದಲು ಕೂಡ ಅಷ್ಟೇ. ಹಗ್ಗ ಇಳಿಸುವ ಲೋಹದ ಸಾಧನದೊಳಗೆ ಬಿಟ್ಟ ಕೂದಲು ಸಿಕ್ಕಿಕೊಂಡರೆ ಬಿಡಿಸುವುದು ಕಷ್ಟ. ಬಿಗಿಯಾಗಿ ಹೆಣೆದು, ಜಡೆಯನ್ನು ಅಂಗಿಯ ಒಳಗೆ ಸೇರಿಸಬೇಕು. ತುರುಬು ಎತ್ತರವಿದ್ದರೆ ಹೆಲ್ಮೆಟ್ ಸರಿಯಾಗಿ ಕೂರುವುದಿಲ್ಲ, ಕುತ್ತಿಗೆಯ ಹತ್ತಿರ ಇರಲಿ. ದುಪಟ್ಟಾ, ಸ್ಟೋಲ್, ಜರ್ಕಿನ್ನಿನ ತಲೆಟೋಪಿಯ ಜೋತುಬಿದ್ದ ದಾರ ಇವೆಲ್ಲ ಹಗ್ಗದ ಹತ್ತಿರ ಬೇಡ.

ಆ ದಿನಗಳಲ್ಲಿ

ಮುಟ್ಟಿನ ದಿನಗಳಲ್ಲಿ ಕಾಡಿನ ನಡುವೆ, ನೀರಿನ ನಡುವೆ ಕೆಲಸ. ಹತ್ತಿರದಲ್ಲಿ ಶೌಚಾಲಯವಿಲ್ಲ. ಹುಡುಗಿಯರು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ನೀವೇ ಕೇಳಿ. ಯೂನಿಫಾರಂ ಪ್ಯಾಂಟು ಕಡುಬಣ್ಣದ್ದಿದ್ದರೆ ಅರ್ಧ ಆತಂಕ ಕಡಿಮೆ. ಮೇಲಂಗಿ ಎದ್ದುಕಾಣುವ ಬಣ್ಣದ್ದು, ಕೆಳಗೆ ಕಡುಬಣ್ಣ, ಇದು ಒಳ್ಳೆಯ ಜೋಡಿ. ಪ್ಯಾಂಟಿನ ಒಳಭಾಗದಲ್ಲಿ ಪ್ಯಾಡ್ ಇಟ್ಟುಕೊಳ್ಳಲು ಜಿಪ್ ಇರುವ ಒಂದು ಜೇಬು ಹೊಲಿದುಕೊಡಿ. ಬಳಸಿದ್ದನ್ನು ವಾಪಸ್ ತರಲು ಗಾಳಿಯಾಡದ ಕವರ್ ಇರಲಿ. ನೀರಿನ ಕೆಲಸದಲ್ಲಿರುವ ಹಲವರು ಈಗ ಕಪ್ ಬಳಸುತ್ತಾರೆ. ಇಷ್ಟವಿದ್ದರೆ ವೈದ್ಯರನ್ನು ಕೇಳಿ ಮುಂದುವರಿಯಬಹುದು.

ಒಳ ಉಡುಪು ಮಾತ್ರ ದಿನಕ್ಕೆರಡು ಜೊತೆ ಬೇಕೇ ಬೇಕು. ಒದ್ದೆಯಲ್ಲೇ ಸಂಜೆಯವರೆಗೆ ಇದ್ದರೆ ತೊಡೆಸಂದಿಯಲ್ಲಿ ತುರಿಕೆ, ಗಜಕರ್ಣ, ಕಾಲ್ಬೆರಳ ಸಂದಿಯಲ್ಲಿ ಕೆಸರುಹುಣ್ಣು ಬರುತ್ತದೆ. ಬಂದರೆ ಅಂಗಡಿಯವರು ಕೊಡುವ ಯಾವುದೋ ಮುಲಾಮು ಹಚ್ಚಬೇಡಿ. ಸ್ಟೀರಾಯ್ಡ್ ಬೆರೆತ ಮುಲಾಮಿನಿಂದ ಮೊದಲು ಕಡಿಮೆಯಾದಂತೆ ಕಂಡು ಆಮೇಲೆ ಇನ್ನೂ ಹರಡುತ್ತದೆ. ಚರ್ಮವೈದ್ಯರಿಗೆ ತೋರಿಸಿ.

ಮಲೆನಾಡಿನಲ್ಲಿ ಕೆಲಸವೇ?

ಮಳೆಗಾಲದಲ್ಲಿ ಜಿಗಣೆ. ಮಲೆನಾಡಿನವರ ಬಾಯಲ್ಲಿ ಇಂಬಳ. ಜಿಗಣೆ ಕಚ್ಚಿದರೆ ನೋವಿಲ್ಲ, ರಕ್ತ ಮಾತ್ರ ಬೇಗ ನಿಲ್ಲುವುದಿಲ್ಲ. ಒತ್ತಾದ ನೇಯ್ಗೆಯ, ಮಂಡಿಯವರೆಗೆ ಬರುವ ಕಾಲುಚೀಲ ಹಾಕಿ, ಪ್ಯಾಂಟಿನ ತುದಿಯನ್ನು ಅದರೊಳಗೆ ಸೇರಿಸಿದರೆ ಜಿಗಣೆಗೆ ದಾರಿ ಇಲ್ಲ. ಚೌಕಳಿ ಹಾಸಿಗೆ ಹೊದಿಕೆಯ ದಪ್ಪ ಬಟ್ಟೆಯಲ್ಲಿ ಇಂಥ ಕಾಲುಚೀಲವನ್ನು ಮನೆಯಲ್ಲೇ ಹೊಲಿಯಬಹುದು.

ಜಿಗಣೆಗಿಂತ ಹೆಚ್ಚು ಎಚ್ಚರ ಬೇಕಾದದ್ದು ಉಣುಗಿನ ಬಗ್ಗೆ. ಮಂಗನ ಕಾಯಿಲೆ ಹರಡುವುದು ಇದರಿಂದಲೇ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಜ್ವರ ಇಂದಿಗೂ ಮಲೆನಾಡಿನಲ್ಲಿ ಕಾಣಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಹೆಚ್ಚು. ಶಾಲೆಗಳ ಬೇಸಿಗೆ ಶಿಬಿರ ನಡೆಯುವುದೂ ಇದೇ ಸಮಯದಲ್ಲಿ! ಕಾಡಿಗೆ ಹೋಗುವ ದಿನ ತುಂಬು ತೋಳು, ಉದ್ದ ಪ್ಯಾಂಟು ಕಡ್ಡಾಯ. ಉಣುಗು ಹರಿದಾಡಿದರೆ ಕಾಣುವಂತೆ ತಿಳಿಬಣ್ಣದ ಬಟ್ಟೆ ಒಳ್ಳೆಯದು. ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಂಡು ಹೋಗಬೇಕು. ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆ ಬಿಸಿನೀರಿಗೆ. ಕಾಡಿನ ಬಟ್ಟೆಯನ್ನು ಹಾಸಿಗೆಯ ಮೇಲೆ ಹಾಕಬಾರದು. ಕಾಡಿನಿಂದ ಬಂದ ಕೆಲವು ದಿನಗಳಲ್ಲಿ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ, ‘ಕಾಡಿಗೆ ಹೋಗಿದ್ದೆ’ ಎಂದು ವೈದ್ಯರಿಗೆ ಮೊದಲೇ ಹೇಳಬೇಕು.

ಒಗೆಯುವ ಬಗೆ

ಹದಿನೈದು ದಿನಕ್ಕೊಮ್ಮೆ ಬರುವ ಆ ಬಟ್ಟೆ ಗಂಟು ಬಿಚ್ಚಿದರೆ ಮೂಗು ಮುಚ್ಚಿಕೊಳ್ಳಬೇಕು, ನಿಜ. ಪಾಲಿಯೆಸ್ಟರ್‌ಗೆ ಬೆವರಿನ ವಾಸನೆ ಹೆಚ್ಚು ಅಂಟಿಕೊಳ್ಳುತ್ತದೆ. ಬಕೆಟ್ ತಣ್ಣೀರಿಗೆ ಅರ್ಧ ಲೋಟ ಬಿಳಿ ವಿನೆಗರ್ ಹಾಕಿ ಅರ್ಧ ಗಂಟೆ ನೆನೆಸಿ, ಆಮೇಲೆ ಒಗೆಯಿರಿ.

ಕೆಮ್ಮಣ್ಣಿನ ಕೆಸರನ್ನು ಒದ್ದೆಯಿದ್ದಾಗಲೇ ಉಜ್ಜಬೇಡಿ, ಕಲೆ ಇನ್ನೂ ಒಳಗೆ ಇಳಿಯುತ್ತದೆ. ಪೂರ್ತಿ ಒಣಗಲು ಬಿಟ್ಟು, ಬ್ರಷ್ಷಿನಿಂದ ಉದುರಿಸಿ, ನಂತರ ನೀರಿಗೆ ಹಾಕಿ. ಜಿಗಣೆಯ ರಕ್ತದ ಕಲೆಗೆ ತಣ್ಣೀರು ಮತ್ತು ಉಪ್ಪು. ಬಿಸಿನೀರು ಹಾಕಿದರೆ ಕಲೆ ಗಟ್ಟಿಯಾಗುತ್ತದೆ. ಉಣುಗಿನ ಕಾಲದಲ್ಲಿ ಮೊದಲು ರಕ್ತದ ಕಲೆ ತೆಗೆದು, ಆಮೇಲೆ ಬಿಸಿನೀರು.

ಕತ್ತಿನ ಪಟ್ಟಿಯ ಮೇಲೆ ತುಕ್ಕಿನಂಥ ಕಲೆ ಬಂದಿದೆಯೇ? ಅದು ತುಕ್ಕಲ್ಲದೆಯೂ ಇರಬಹುದು. ಕೆಲವು ಸನ್‌ಸ್ಕ್ರೀನ್‌ಗಳಲ್ಲಿರುವ ರಾಸಾಯನಿಕ ಬೋರ್‌ವೆಲ್ ನೀರಿನ ಕಬ್ಬಿಣದ ಅಂಶದೊಡನೆ ಸೇರಿ ಆ ಬಣ್ಣ ತಾಳುತ್ತದೆ. ಬ್ಲೀಚಿಂಗ್ ಹಾಕಿದರೆ ಕಲೆ ಜಾಸ್ತಿಯೇ ಆಗುತ್ತದೆ. ನಿಂಬೆರಸ, ಉಪ್ಪು ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ತೊಳೆಯಿರಿ.

ಬೇಗ ಒಣಗುವ ಬಟ್ಟೆಗೆ ಫ್ಯಾಬ್ರಿಕ್ ಕಂಡೀಷನರ್ ಹಾಕಬೇಡಿ. ಅದರ ಎಣ್ಣೆಯಂಥ ಪದರ ನೂಲಿನ ಮೇಲೆ ಕೂತು ಬೆವರು ಹೀರಿ ಹೊರಹಾಕುವ ಗುಣವನ್ನೇ ಕೆಡಿಸುತ್ತದೆ. ಜಿಪ್ ಹಾಕಿ, ಬಟ್ಟೆ ಒಳಮಗ್ಗುಲು ಮಾಡಿ ಒಗೆದು, ನೆರಳಲ್ಲಿ ಒಣಗಿಸಿ. ಸುಡುಬಿಸಿಲು ನೈಲಾನನ್ನು ಬಲಗುಂದಿಸುತ್ತದೆ. ಇಸ್ತ್ರಿಯಂತೂ ಬೇಡ.

ಒಂದು ಮುಖ್ಯ ಮಾತು. ಹಾರ್ನೆಸ್, ಹೆಲ್ಮೆಟ್, ಲೈಫ್ ಜಾಕೆಟ್ ಇವು ಯೂನಿಫಾರಂ ಅಲ್ಲ, ಜೀವ ಕಾಯುವ ಸಲಕರಣೆ. ‘ಎಷ್ಟು ಕೊಳೆಯಾಗಿದೆ’ ಎಂದು ವಾಷಿಂಗ್ ಮೆಷಿನ್‌ಗೆ ತುರುಕಬೇಡಿ. ಹರಿದಿದ್ದರೆ ನಿಮ್ಮ ಸೂಜಿ ದಾರದಿಂದ ಹೊಲಿಯಲೂ ಬೇಡಿ. ನಮ್ಮ ಹೊಲಿಗೆ ಅಂಗಿಗೆ ಸಾಕು, ಆಳು ತೂಗುವ ಪಟ್ಟಿಗೆ ಸಾಲದು. ಹಾಳಾಗಿದ್ದರೆ ಶಿಬಿರದವರಿಗೆ ವಾಪಸ್ ಕೊಡಲಿ, ಹೊಸದು ಕೇಳಲಿ.

ಕೇಳಲು ಸಂಕೋಚವೇಕೆ?

ನನ್ನ ತಂಗಿಯ ಮಗಳು ಮೊದಲ ಸಲ ಹೋಗಿ ‘ಸರ್, ಲೇಡೀಸ್ ಸೈಜ್ ಬೇಕು’ ಅಂದಾಗ ಮ್ಯಾನೇಜರ್, ‘ಎಲ್ಲರಿಗೂ ಒಂದೇ ಯೂನಿಫಾರಂ ಕಣಮ್ಮ’ ಎಂದು ತಳ್ಳಿಹಾಕಿದರು. ಅವಳು ಸುಮ್ಮನಾದಳು. ಆಮೇಲೆ ಅಲ್ಲಿದ್ದ ಮೂವರು ಹುಡುಗಿಯರೂ ಕೂತು ಒಂದು ಕಾಗದ ಬರೆದರು. ಜಗಳದ ಮಾತು ಒಂದೂ ಇರಲಿಲ್ಲ. ‘ಬಂಡೆ ಹತ್ತುವಾಗ ಪ್ಯಾಂಟಿನ ತುದಿ ಕಾಲಿಗೆ ಸಿಕ್ಕಿ ಎರಡು ಸಲ ಎಡವಿದ್ದೇವೆ. ಮಕ್ಕಳ ಹಗ್ಗ ನಮ್ಮ ಕೈಯಲ್ಲಿರುತ್ತದೆ’ ಎಂದು ಬರೆದಿದ್ದರು. ಜೊತೆಗೆ ತಮ್ಮ ತಮ್ಮ ಅಳತೆ. ಮುಂದಿನ ಸೀಸನ್ನಿಗೆ ಹೊಸ ಬಟ್ಟೆ ಬಂತು.

‘ನನಗೆ ನಾಚಿಕೆಯಾಗುತ್ತೆ’ ಎಂದು ಕೇಳಿದಾಗ ಸಿಗದ್ದು, ‘ಮಕ್ಕಳ ಸುರಕ್ಷತೆ’ ಎಂದಾಗ ಸಿಕ್ಕಿತು. ಇದು ಸರಿಯೋ ತಪ್ಪೋ, ದಾರಿ ಮಾತ್ರ ಇದು.

ಕೆಲಸಕ್ಕೆ ಸೇರುವ ಮುನ್ನವೇ ಮಗಳು ಕೇಳಿಕೊಳ್ಳಲಿ: ಎಷ್ಟು ಜೊತೆ ಕೊಡುತ್ತಾರೆ? ಮಳೆಗಾಲದ ಜರ್ಕಿನ್, ಬೂಟು ಸೇರಿದೆಯೇ? ಹರಿದರೆ ಬದಲಿಸುತ್ತಾರೆಯೇ? ದುಡ್ಡು ಸಂಬಳದಲ್ಲಿ ಹಿಡಿಯುತ್ತಾರೆಯೇ? ಉತ್ತರ ಬರವಣಿಗೆಯಲ್ಲಿರಲಿ. ಬಟ್ಟೆ ಬದಲಿಸಲು ಬಾಗಿಲು, ಚಿಲಕ ಇರುವ ಕೋಣೆ ಇದೆಯೇ ಎಂಬುದನ್ನು ಕೇಳುವುದು ಮರೆಯಬಾರದು.

ಬಟ್ಟೆಯ ನೆಪದಲ್ಲಿ ಯಾರಾದರೂ ಅಸಭ್ಯವಾಗಿ ಮಾತಾಡಿದರೆ ಅದನ್ನು ಸಹಿಸಬೇಕಿಲ್ಲ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ ಕಾಯ್ದೆ 2013ರಲ್ಲೇ ಬಂದಿದೆ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಚಿಕ್ಕ ಜಾಗವಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ‘ಏನಾದ್ರೂ ಆದ್ರೆ ನನ್ನ ಹತ್ರ ಹೇಳು, ಕೆಲಸ ಬಿಡಿಸಲ್ಲ’ ಎಂದು ಮಗಳಿಗೆ ಮೊದಲೇ ಮಾತು ಕೊಡಿ. ಎಷ್ಟೋ ಹುಡುಗಿಯರು ಬಾಯಿ ಬಿಡದಿರುವುದು ‘ಮನೇಲಿ ಹೇಳಿದ್ರೆ ವಾಪಸ್ ಕರೆಸ್ತಾರೆ’ ಎಂಬ ಹೆದರಿಕೆಗೇ.

ನಿಮ್ಮ ಮಗು ಶಿಬಿರಕ್ಕೆ ಹೊರಟಿದ್ದರೆ

ಈ ರಜೆಗೆ ನಿಮ್ಮ ಮಗ ಅಥವಾ ಮಗಳು ಶಿಬಿರಕ್ಕೆ ಹೋಗುತ್ತಿದ್ದರೂ ಈ ವಿಷಯ ನಿಮಗೆ ಬೇಕು. ಬಿಡಲು ಹೋದಾಗ ಊಟದ ಮೆನು ಕೇಳುವ ಜೊತೆಗೆ ಸಿಬ್ಬಂದಿಯ ಮೇಲೂ ಕಣ್ಣಾಡಿಸಿ. ಎಲ್ಲರೂ ಒಂದೇ ಥರದ, ಹೆಸರು ಕಾಣುವ ಬಟ್ಟೆ ಹಾಕಿದ್ದಾರೆಯೇ? ಕೊರಳಲ್ಲಿ ಸೀಟಿ ಇದ್ದರೆ, ಎಳೆದರೆ ಬಿಟ್ಟುಕೊಳ್ಳುವ ದಾರವೇ? ನೀರಿನ ಹತ್ತಿರ ನಿಂತ ಇನ್‌ಸ್ಟ್ರಕ್ಟರ್ ತಾನೂ ಲೈಫ್ ಜಾಕೆಟ್ ಹಾಕಿದ್ದಾರೆಯೇ? ಬಂಡೆಯ ಕೆಳಗೆ ನಿಂತವರ ತಲೆಯ ಮೇಲೆ ಹೆಲ್ಮೆಟ್ ಇದೆಯೇ? ಕಾಲಿಗೆ ಬೂಟಿದೆಯೇ, ಹವಾಯಿ ಚಪ್ಪಲಿಯೇ? ತನ್ನ ಸಿಬ್ಬಂದಿಯ ಮೈ ಕಾಯದವರು ನಮ್ಮ ಮಕ್ಕಳ ಮೈ ಕಾಯುತ್ತಾರೆಂದು ನಂಬುವುದು ಹೇಗೆ?

ಮಗುವಿಗೆ ಒಂದು ಮಾತು ಹೇಳಿ ಕಳಿಸಿ: ‘ದಾರಿ ತಪ್ಪಿದ್ರೆ, ಹೆದರಿಕೆಯಾದ್ರೆ, ಈ ಬಣ್ಣದ ಟೀ ಶರ್ಟ್ ಹಾಕಿದೋರ ಹತ್ರಾನೇ ಹೋಗು. ಬಟ್ಟೆ ನೋಡು, ಹೆಸರಿನ ಬಿಲ್ಲೆ ನೋಡು, ಎರಡೂ ಇದ್ರೇನೇ ಹೋಗು.’

ಬ್ಯಾಗಿನಲ್ಲಿ ಇವಿಷ್ಟಿರಲಿ

* ಬೇಗ ಒಣಗುವ ತುಂಬು ತೋಳಿನ ಟೀ ಶರ್ಟ್ ಮೂರು, ಪ್ಯಾಂಟು ಎರಡು
* ಬೆಂಕಿಯ ಹತ್ತಿರಕ್ಕೆ ಹತ್ತಿ ಅಂಗಿ ಒಂದು, ಸ್ವೆಟರ್ ಒಂದು
* ಒಳ ಉಡುಪು ಮತ್ತು ಕಾಲುಚೀಲ, ದಿನಕ್ಕೆರಡು ಜೊತೆಯ ಲೆಕ್ಕದಲ್ಲಿ
* ಮಂಡಿಯವರೆಗಿನ ಜಿಗಣೆ ಕಾಲುಚೀಲ
* ಅಂಚಿರುವ ಟೋಪಿ, ಹಿಡಿತವಿರುವ ಬೂಟು
* ಹಗ್ಗ ಹಿಡಿಯಲು ಚರ್ಮದ ಕೈಗವಸು
* ಆಭರಣಕ್ಕೆ ಜಿಪ್ ಚೀಲ, ಒದ್ದೆ ಬಟ್ಟೆಗೆ ಪ್ಲಾಸ್ಟಿಕ್ ಚೀಲ
* ಸೂಜಿ, ಗಟ್ಟಿ ದಾರ, ನಾಲ್ಕು ಪಿನ್ನು

ಕೊನೆಯದಾಗಿ ಒಂದು ಮಾತು. ನನ್ನ ತಂಗಿಗೆ ಈಗ ಎಲ್ಲ ಗೊತ್ತಾಗಿದೆ. ಮಗಳೇ ಒಂದು ದಿನ ಹೇಳಿದಳಂತೆ. ಮೊದಲು ಅತ್ತಳು, ಆಮೇಲೆ ನಕ್ಕಳು. ಈಗ ಶಿಬಿರದ ಹುಡುಗಿಯರೆಲ್ಲ ತಮ್ಮ ಪ್ಯಾಂಟನ್ನು ಅವಳ ಹತ್ತಿರವೇ ಕಳಿಸುತ್ತಾರೆ. ‘ಆಂಟಿ, ಆ ತುಂಡು ಸೇರಿಸಿ ಕೊಡಿ’ ಅಂತ. ಒಂದಕ್ಕೆ ಇಷ್ಟು ಎಂದು ಕೂಲಿಯನ್ನೂ ಕೊಡುತ್ತಾರೆ, ಅವಳು ಬೇಡವೆನ್ನುವುದಿಲ್ಲ. ನಿಮ್ಮಲ್ಲೂ ಹೊಲಿಗೆ ಬಲ್ಲವರಿದ್ದೀರಿ, ಅಲ್ಲವೇ? ಮುಂದಿನ ಸಲ ಮಗಳ ಬಟ್ಟೆಗೆ ಕತ್ತರಿ ಹಾಕುವ ಮುನ್ನ ಒಂದೇ ಒಂದು ಪ್ರಶ್ನೆ ಕೇಳಿ: ‘ಇದನ್ನ ಹಾಕ್ಕೊಂಡು ನೀನು ಏನೇನು ಮಾಡ್ತೀಯಾ, ನನಗೆ ಮಾಡಿ ತೋರಿಸು.’